ತಂಗಿಯ ಮುಖದ ಚುಕ್ಕೆಗಳು

ರಾಯದುರ್ಗದಲ್ಲಿ ನಾನು ಜೀನ್ಸ್ ಹೊಲಿಯುತ್ತಿದ್ದ ವರ್ಷಗಳಲ್ಲಿ ತಂಗಿಯೂ ಜೊತೆಗಿದ್ದಳು. ಅಮರಾಪುರದ ಹತ್ತಿರದ ನಮ್ಮೂರಿನಿಂದ ಅವಳನ್ನು ಕರೆತಂದು ಪಕ್ಕದ ಮೆಷಿನ್ನಿಗೆ ಕೂರಿಸಿದ್ದೆ. ನಮ್ಮಲ್ಲಿ ಅವ್ವನ ಹಾಗೆ ಕೆಂಪಗಿದ್ದವಳು ಅವಳೊಬ್ಬಳೇ. ಒಂದು ಸಲ ಕಡಲೆಕಾಯಿ ಕೀಳಲು ಊರಿಗೆ ಹೋಗಿ ಬಂದವಳನ್ನು ನೋಡಿ ಬೆಚ್ಚಿದೆ. ಮೂಗಿನ ಮೇಲೆ, ಕೆನ್ನೆಗಳ ಮೇಲೆ ರಾಗಿ ಚೆಲ್ಲಿದಂತೆ ಕಂದು ಚುಕ್ಕೆಗಳು.

ಮರುದಿನ ಅವಳು ನೀರು ಕುಡಿದಿಟ್ಟ ಲೋಟವನ್ನು ಹೊಲಿಗೆ ಯೂನಿಟ್ಟಿನಲ್ಲಿ ಯಾರೂ ಮುಟ್ಟಲಿಲ್ಲ. ಮೇಸ್ತ್ರಿ ನನ್ನನ್ನು ಪಕ್ಕಕ್ಕೆ ಕರೆದ. ಕುಷ್ಠ ಎಂದು ಬಾಯಿಬಿಟ್ಟು ಹೇಳಲಾರದೆ, "ದೊಡ್ಡ ರೋಗ ಇರಬೇಕ್ರಿ. ಡಾಕ್ಟರಿಗೆ ತೋರಿಸೋ ತನಕ ಒಳಗ ಕರ್ಕೊಂಡು ಬರಬ್ಯಾಡ್ರಿ," ಎಂದ. ನಿತ್ಯ ನಮ್ಮ ಜೊತೆ ಕೂತು ಬುತ್ತಿ ಬಿಚ್ಚುತ್ತಿದ್ದವರೆಲ್ಲ ತಲೆ ಎತ್ತದೆ ಹೊಲಿಯುತ್ತಿದ್ದರು. ತಂಗಿಯನ್ನು ಕರೆದುಕೊಂಡು ಆಸ್ಪತ್ರೆಗೆ ಹೊರಟೆ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಚುಕ್ಕೆಗಳನ್ನು ಮುಟ್ಟಿ ಮುಟ್ಟಿ ನೋಡಿದರು. "ರೋಗ ಅಲ್ರಿ ಇದು. ಚರ್ಮಕ್ಕ ಬಣ್ಣ ಕೊಡೋ ಅಂಶ ಎಲ್ಲಾರಿಗೂ ಇರ್ತದ. ಬಿಸಿಲು ಬಿದ್ರ ಕೆಲವರಿಗೆ ಅದು ಅಲ್ಲಲ್ಲೇ ಜಾಸ್ತಿ ಆಗಿ ಹಿಂಗ ಚುಕ್ಕಿ ಕಾಣ್ತಾವ. ಅಂಟೋದಿಲ್ಲ. ಬಿಸಿಲು ಕಡಿಮಿ ಆದ್ರ ತಿಳಿ ಆಗ್ತಾವ. ವಂಶದಾಗ ಬರ್ತಾವ, ಮನ್ಯಾಗ ಮತ್ಯಾರಿಗಾದ್ರೂ ಅದಾವೇನ್ರಿ?"

"ಯಾರಿಗೂ ಇಲ್ಲ ಮೇಡಂ," ಎಂದೆ.

ಭಾನುವಾರ ಊರಿಗೆ ಹೋಗಿ ಇದನ್ನೆಲ್ಲ ಅವ್ವನಿಗೆ ಹೇಳಿದೆ. ರೇಷ್ಮೆ ಹುಳಕ್ಕೆ ಸೊಪ್ಪು ಹಾಕುತ್ತಿದ್ದ ಅವಳ ಕೈ ನಿಂತಿತು.

"ನಂಗೂ ಇದ್ವು ಕಣೇ."

"ಎಲ್ಲವ್ವ? ನಾನು ನೋಡೇ ಇಲ್ವಲ್ಲ?"

ಅವ್ವ ಕೆನ್ನೆಗಳ ಮೇಲಿನ ಸುಟ್ಟ ಕಲೆ ಮುಟ್ಟಿಕೊಂಡಳು. ಚಿಕ್ಕಂದಿನಲ್ಲಿ ಒಲೆಗೆ ಬಿದ್ದಿದ್ದಳೆಂದೇ ನಾವು ನಂಬಿದ್ದೆವು.

"ಒಲೆ ಅಲ್ಲ. ಮದ್ವೆಗೆ ಮುಂಚೆ ಚುಕ್ಕಿ ಹೋಗ್ಲಿ ಅಂತ ನಮ್ಮವ್ವ ಗೇರೆಣ್ಣೆ ಹಚ್ಚಿದ್ಲು. ಅಗಸರು ಬಟ್ಟೆಗೆ ಗುರುತು ಹಾಕ್ತಿದ್ರಲ್ಲ, ಅದೇ. ಚರ್ಮ ಬೆಂದು ಕಿತ್ಕೊಂಡು ಬಂತು."

ನಮ್ಮವ್ವ ಎಂದರೆ ನನ್ನನ್ನು ಎತ್ತಿ ಆಡಿಸಿ ಬೆಳೆಸಿದ ಅಜ್ಜಿ. ಅವ್ವ ಮತ್ತೆ ಸೊಪ್ಪು ಹರಡತೊಡಗಿದಳು. "ಆ ಹುಡುಗಿ ಮುಖಕ್ಕೆ ಯಾರೂ ಏನೂ ಹಚ್ಚಬಾರ್ದು. ನೀನೂ ಅಷ್ಟೇ," ಎಂದಳು.

ಡಾಕ್ಟರಮ್ಮನ ಮಾತು ತಿಳಿದ ಮೇಲೆ ಮೇಸ್ತ್ರಿ ತಂಗಿಯನ್ನು ಮತ್ತೆ ಸೇರಿಸಿಕೊಂಡ. ಚಳಿಗಾಲದ ಹೊತ್ತಿಗೆ ಚುಕ್ಕೆಗಳು ಮಾಸಿದವು. ಊರಿಗೆ ಹೋದಾಗ ಅಜ್ಜಿಯ ಫೋಟೊ ಮುಂದೆ ದೀಪ ಹಚ್ಚಲು ಮಾತ್ರ ನನಗೆ ಬಹಳ ಕಾಲ ಕೈ ಬರಲಿಲ್ಲ. ಅವ್ವ ಎಂದಿನಂತೆ ಹಚ್ಚುತ್ತಿದ್ದಳು.