ಕನ್ನಡಕ ತೆಗೆದು ಕಂಡ ಮೀನು

ಬಾಯಮ್ಮನ ಮೂಗಿನ ಎರಡೂ ಬದಿಗೆ ಕನ್ನಡಕ ಕೂತು ಕೂತು ಕಪ್ಪು ಗುಳಿ ಬಿದ್ದಿದ್ದವು. "ಇದನ್ನು ತೆಗೆದರೆ ಎದುರಿಗಿರುವುದು ನೀನೋ ಫ್ರಿಜ್ಜೋ ಗೊತ್ತಾಗುವುದಿಲ್ಲ" ಎಂದು ಅವರೇ ನಗುತ್ತಿದ್ದರು.

ದೋಹಾ ಇನ್ನೂ ಈಗಿನಷ್ಟು ಎತ್ತರವಾಗಿರದ ಕಾಲ. ಅಲ್ಲಿನ ಅಲ್ ಮುಂತಜಾ ಬಡಾವಣೆಯ ಫ್ಲ್ಯಾಟುಗಳಲ್ಲಿ ನನ್ನದೂ ಅವರದೂ ಎದುರುಬದುರು ಬಾಗಿಲು. ನಮ್ಮ ಕಡೆ ಹಿರಿಯ ಕ್ರಿಶ್ಚಿಯನ್ ಹೆಂಗಸರನ್ನು ಕರೆಯುವಂತೆ ನಾನೂ ಬಾಯಮ್ಮ ಎನ್ನುತ್ತಿದ್ದೆ. ಗಂಡ ತೀರಿಕೊಂಡ ಮೇಲೂ ಅಲ್ಲೇ ಆಫೀಸೊಂದರಲ್ಲಿ ಸೆಕ್ರೆಟರಿಯಾಗಿದ್ದರು. ಮದುವೆಯಾಗಿ ಬಂದ ಹೊಸದರಲ್ಲಿ ಅಳುತ್ತ ಕೂತಿದ್ದ ನನಗೆ ಬಂಗುಡೆ ಸಾರು ತಂದುಕೊಟ್ಟು, "ಅಳುವುದಾದರೆ ಊಟ ಮಾಡಿ ಅಳು ಮಾರಾಯ್ತಿ, ಹಸಿದು ಅತ್ತರೆ ತಲೆನೋವು ಬರ್ತದೆ" ಎಂದವರು. ಅಂದಿನಿಂದ ಎದುರು ಬಾಗಿಲೇ ನನ್ನ ತವರುಮನೆ.

ಅವರ ಅಪ್ಪ ಗಂಗೊಳ್ಳಿಯಲ್ಲಿ ಮೀನು ಹಿಡಿಯುತ್ತಿದ್ದವರು. ಬಲೆಗೆ ಬಿದ್ದ ಹಾಯಿಮೀನು, ಬೆನ್ನ ಮೇಲೆ ಹಾಯಿಯಂಥ ದೊಡ್ಡ ರೆಕ್ಕೆಯಿರುವ ಮೀನು, ದಡಕ್ಕೆ ಬರುವಷ್ಟರಲ್ಲಿ ಕಪ್ಪಿಟ್ಟಿರುತ್ತಿತ್ತಂತೆ. "ಇದಲ್ಲ ಇದರ ಬಣ್ಣ, ಜೀವ ಇರುವಾಗ ನೋಡ್ಬೇಕು" ಎನ್ನುತ್ತಿದ್ದರಂತೆ ಅಪ್ಪ. ಹೆಣ್ಣುಮಕ್ಕಳನ್ನು ದೋಣಿ ಹತ್ತಿಸುವ ಪದ್ಧತಿ ಇರಲಿಲ್ಲ. ಆ ಮನೆಯಲ್ಲಿ ಇನ್ನೊಂದು ಕಟ್ಟುಪಾಡಿತ್ತು: ಕಡಲಿಗೆ ಹೊರಟವರನ್ನು "ಯಾವಾಗ ಬರ್ತೀರಿ" ಎಂದು ಕೇಳಬಾರದು. ದೋಹಾಕ್ಕೆ ಬಂದರೂ ಬಾಯಮ್ಮ ಅದನ್ನು ಬಿಡಲಿಲ್ಲ. ಡ್ಯೂಟಿಗೆ ಹೊರಟ ನನ್ನ ಗಂಡನನ್ನು ನಾನು ಹಾಗೆ ಕೇಳಿದರೆ, ಎದುರು ಬಾಗಿಲಿಂದಲೇ ನನಗೆ ಬೈಗುಳ.

ಹೊಟ್ಟೆಯಲ್ಲಿ ಗಡ್ಡೆ ಇದೆ, ಊರಿಗೆ ಹೋಗಿ ಆಪರೇಷನ್ ಮಾಡಿಸಿಕೊಳ್ಳಿ ಎಂದು ಡಾಕ್ಟರ್ ಹೇಳಿದ ವಾರ ಅವರು ನನ್ನಲ್ಲಿ ಕೇಳಿದ್ದು ಒಂದೇ. ಹಾಯಿಮೀನು ಇರುವಲ್ಲಿಗೆ ಬೋಟಿನಲ್ಲಿ ಕರೆದೊಯ್ದು, ಮುಖಕ್ಕೆ ಮಾಸ್ಕ್ ಹಾಕಿ ನೀರಿಗಿಳಿಸುವ ಟೂರ್ ಒಂದಿತ್ತು. "ಹೊಟ್ಟೆ ಕೊಯ್ಯುವ ಮೊದಲು ಒಮ್ಮೆ ನೋಡ್ಬೇಕು. ಬರ್ತೀಯಾ?"

ಅಲ್ಲಿ ವಾರದ ರಜೆ ಶುಕ್ರವಾರ, ಕ್ರಿಶ್ಚಿಯನ್ನರ ಪೂಜೆಯೂ ಅಂದೇ. ಅದನ್ನು ಎಂದೂ ತಪ್ಪಿಸದವರು ಆ ಶುಕ್ರವಾರ ನೈಟಿಯ ಮೇಲೆ ಲೈಫ್ ಜಾಕೆಟ್ ಕಟ್ಟಿಕೊಂಡು ಬೋಟಿನಲ್ಲಿ ಕೂತರು. ಆದರೆ ಕನ್ನಡಕದ ಮೇಲೆ ಮಾಸ್ಕ್ ಕೂರಲಿಲ್ಲ. ಸಂದಿಯಿಂದ ನೀರು ನುಗ್ಗುತ್ತದೆ, ತೆಗೆಯಲೇಬೇಕು ಎಂದ ಬೋಟಿನ ಮಲಯಾಳಿ. ಬಾಯಮ್ಮನ ಮುಖ ಸಣ್ಣದಾಯಿತು.

"ಇಷ್ಟು ದೂರ ಬಂದು ಕುರುಡಿಯ ಹಾಗೆ ಇಳಿಯುವುದಾ?"

ಆಮೇಲೆ ತಾವೇ ಕನ್ನಡಕ ತೆಗೆದು ನನ್ನ ಬ್ಯಾಗಿಗೆ ಹಾಕಿದರು. "ಯಲ್ಲಾ, ಹೊರಡುವ, ಕೈ ಹಿಡಿ."

ಮೀನುಗಳು ದೂರದಲ್ಲೇ ಸುಳಿದು ಹೋದವು. ನನಗೆ ಕಾಣುತ್ತಿತ್ತು, ಅವರಿಗಿಲ್ಲ. ಮಾಸ್ಕಿನೊಳಗೇ ನನಗೆ ಅಳು ಬಂತು. ಅಷ್ಟರಲ್ಲಿ ಒಂದು ಮೀನು ತಿರುಗಿ ನಮ್ಮತ್ತಲೇ ಬಂತು. ಕೈಚಾಚಿದರೆ ಸಿಗುವಷ್ಟು, ಬಾಯಮ್ಮನ ಬರಿಗಣ್ಣಿಗೂ ಕಾಣುವಷ್ಟು ಹತ್ತಿರದಲ್ಲಿ ಬೆನ್ನಿನ ಹಾಯಿ ಬಿಚ್ಚಿತು, ಮೈಯಿಡೀ ನೀಲಿ ಹೊತ್ತಿಕೊಂಡಿತು. ಬಾಯಮ್ಮನ ಉಗುರು ನನ್ನ ಮಣಿಕಟ್ಟಿಗೆ ಇಳಿಯಿತು.

ಬೋಟ್ ಹತ್ತಿದ ಮೇಲೆ ಬಹಳ ಹೊತ್ತು ಕನ್ನಡಕ ಕೇಳಲೇ ಇಲ್ಲ. "ಅಪ್ಪ ಸುಳ್ಳು ಹೇಳಿರ್ಲಿಲ್ಲ" ಎಂದು ಅತ್ತರು.

ಊರಿಗೆ ಹೊರಟ ದಿನ ಕೆಳಗೆ ಟ್ಯಾಕ್ಸಿ ಕಾಯುತ್ತಿತ್ತು. ನಾನು ಸೂಟ್‌ಕೇಸ್ ಇಳಿಸಿಕೊಟ್ಟು ಬಾಯಿ ಬಿಗಿಹಿಡಿದು ನಿಂತೆ. ಬಾಯಮ್ಮ ಹತ್ತಲಿಲ್ಲ.

"ಎಂತ, ಕೇಳುವುದಿಲ್ವಾ?"

"ಕೇಳಬಾರದಲ್ಲ."

"ಅದು ಕಡಲಿಗೆ ಹೋಗುವವರಿಗೆ. ನಾನು ವಿಮಾನದಲ್ಲಿ ಹೋಗುವುದು. ಕೇಳು ಮಾರಾಯ್ತಿ."

"ಯಾವಾಗ ಬರ್ತೀರಿ, ಬಾಯಮ್ಮ?"

"ಕ್ರಿಸ್ಮಸ್‌ಗೆ ಮೊದಲು. ಚಕ್ಕುಲಿ ಒತ್ತಲಿಕ್ಕೆ ನೀನು ಬೇಕು" ಎಂದು ನನ್ನ ಕೆನ್ನೆ ತಟ್ಟಿ ಹತ್ತಿದರು.

ಆಪರೇಷನ್ ಆದ ಮೇಲೆ ಅವರು ಕಣ್ಣು ತೆರೆಯಲಿಲ್ಲ. ಆ ಡಿಸೆಂಬರ್‌ನಲ್ಲಿ ನಾನೊಬ್ಬಳೇ ಚಕ್ಕುಲಿ ಒತ್ತಿದೆ, ಊಟ ಮಾಡಿ ಅತ್ತೆ.

ಈಗ ಯಾರೇ ಊರಿಗೆ ಹೊರಟರೂ ಯಾವಾಗ ಬರ್ತೀರಿ ಎಂದು ಕೇಳುತ್ತೇನೆ. ಉತ್ತರ ಬರುವವರೆಗೆ ಕೈ ಬಿಡುವುದಿಲ್ಲ.