ಮುತ್ಲಾದ ಕಾಗೆ

ಪಕ್ಕದ ಮನೆಯಿಂದ ಎಳ್ಳು ಹುರಿಯುವ ವಾಸನೆ ಬರುತ್ತಿದೆ. ಆ ವಾಸನೆಗೆ ನಿಮಗೆ ಚಿಗಳಿ ನೆನಪಾಗಬಹುದು. ನನಗೆ ನೆನಪಾಗುವುದು ಕುವೈತಿನ ಒಂದು ಕಾಗೆ.

ನಗಬೇಡಿ. ಎಪ್ಪತ್ತರ ದಶಕದ ಕೊನೆಯಲ್ಲಿ ನಾನಿದ್ದ ರಿಗ್ಗೈ ಬಡಾವಣೆಯಲ್ಲಿ ಗುಬ್ಬಿ, ಪಾರಿವಾಳ ಬೇಕಾದಷ್ಟಿದ್ದವು, ಕಾಗೆ ಮಾತ್ರ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಅಪ್ಪನ ಮೊದಲ ವರ್ಷದ ತಿಥಿ ಹತ್ತಿರ ಬಂದಿತ್ತು. "ಇಲ್ಲಿಯದನ್ನು ಪುರೋಹಿತರು ನೋಡಿಕೊಳ್ಳುತ್ತಾರೆ. ನೀನು ಅಲ್ಲೇ ಒಂದು ಉಂಡೆ ಅನ್ನ ಇಡು, ಕಾಗೆ ಮುಟ್ಟಲೇಬೇಕು" ಎಂದು ಅಮ್ಮ ಮೈಸೂರಿನಿಂದ ಬರೆದಿದ್ದಳು. ಅಪ್ಪ ಕಾಯಿಲೆಯಿಂದ ಹಾಸಿಗೆ ಹಿಡಿದಾಗ "ನಿನ್ನನ್ನು ನೋಡಬೇಕಂತೆ" ಎಂದು ತಂತಿ ಬಂದಿತ್ತು. ನಾನು ಹೋಗಿರಲಿಲ್ಲ. ಪಾಸ್‌ಪೋರ್ಟನ್ನು ಕಫೀಲ್, ಅಂದರೆ ನನ್ನನ್ನು ಕೆಲಸಕ್ಕೆ ಕರೆಸಿಕೊಂಡ ಅರಬ್ ಧಣಿ, ಕೊಡುತ್ತಿಲ್ಲ ಎಂದು ತಿಳಿಸಿದ್ದೆ.

ನನ್ನ ಜೊತೆ ಮನೆ ಹಂಚಿಕೊಂಡಿದ್ದ ಮಂಗಳೂರಿನ ಲಾರೆನ್ಸ್, ಆಸ್ಪತ್ರೆಯೊಂದರ ಲ್ಯಾಬಿನಲ್ಲಿದ್ದ. ಹಕ್ಕಿಗಳ ಹುಚ್ಚು. "ಊರಾಚೆ ಮುತ್ಲಾ ದಿಬ್ಬದಲ್ಲಿ ಕಾಗೆ ಉಂಟು ಮಾರಾಯ್ರೆ. ಶುಕ್ರವಾರ ರಜೆ ಅಲ್ವಾ, ಚರ್ಚಲ್ಲಿ ಪೂಜೆ ಮುಗಿಸಿ ಬರ್ತೇನೆ, ಹೋಗುವ" ಎಂದ. ತಿಥಿಯೂ ಶುಕ್ರವಾರವೇ ಬಿದ್ದಿತ್ತು. ಮುದ್ದೆಯಾಗಿಹೋದ ಅನ್ನಕ್ಕೆ ಕರಿ ಎಳ್ಳು ಕಲಸಿಕೊಂಡು ಹೊರಟೆ.

ಮರಳುಗಾಡೆಂದರೆ ಬರೀ ಮರಳು ಎಂದು ನಂಬಿದ್ದವನು ಆ ದಿಬ್ಬದ ಕೊರಕಲಿಗೆ ಇಳಿದು ಬೆಪ್ಪಾಗಿ ನಿಂತೆ. ವಸಂತದ ಹಸಿರು ಕಲ್ಲುಸಂದಿಯಲ್ಲೆಲ್ಲ ಇಣುಕುತ್ತಿತ್ತು. ಕಳ್ಳಿಪೀರಗಳು ಹಿಂಡುಹಿಂಡಾಗಿ ಕೂಗುತ್ತ ದಾಟುತ್ತಿದ್ದವು, ಚಂದ್ರಮುಕುಟವೊಂದು ನೆಲ ಕುಕ್ಕುತ್ತಿತ್ತು, ಮೇಲೆ ಹದ್ದುಗಳು ಸುತ್ತುತ್ತಿದ್ದವು. ಕೈಯೂರಲು ಹೋದ ಬಂಡೆಯ ಪಕ್ಕದಿಂದ ಮುಳ್ಳುಬಾಲದ ಉಡದಂಥದ್ದು ಸರಕ್ಕನೆ ಬಿಲಕ್ಕೆ ನುಗ್ಗಿತು. ನಾನು ಕಿರುಚಿದೆ, ಲಾರೆನ್ಸ್ ನಕ್ಕ.

ಕಾಗೆಯೂ ಇತ್ತು. ನಮ್ಮದಕ್ಕಿಂತ ದೊಡ್ಡದು, ಕತ್ತು ಕಂದು. ಕಲ್ಲಿನ ಮೇಲೆ ಉಂಡೆ ಇಟ್ಟು ಹಿಂದೆ ಸರಿದೆ. ಅದು ಎದುರಿನ ಬಂಡೆಯಿಂದ ಅಲುಗಲಿಲ್ಲ. ಕಾಗೆ ಮುಟ್ಟದಿದ್ದರೆ ಹೋದವರ ಆಸೆ ನೆರವೇರಿಸುತ್ತೇನೆಂದು ಬಾಯಿಬಿಟ್ಟು ಹೇಳುವುದು ನಮ್ಮಲ್ಲಿ ವಾಡಿಕೆ.

"ಅಪ್ಪಾ, ತಂಗಿ ಮದ್ವೆ ನಾನ್ ಮಾಡ್ತೀನಿ" ಎಂದೆ. ಕಾಗೆ ಕೊಕ್ಕು ಉಜ್ಜಿಕೊಂಡಿತು. "ಮನೆಗೆ ಸುಣ್ಣ ಹೊಡೆಸ್ತೀನಿ." ಅದು ಬೆನ್ನು ತಿರುಗಿಸಿತು.

"ಅವರಿಗೆ ನಿಜಕ್ಕೂ ಬೇಕಾದ್ದು ಎಂತದು? ಸರಿ ನೆನಪು ಮಾಡಿ" ಎಂದ ಲಾರೆನ್ಸ್.

ನನ್ನ ಬಾಯಿಂದ ಹೊರಬಿದ್ದದ್ದು ನನಗೇ ನಂಬಲಾಗಲಿಲ್ಲ. "ಅಪ್ಪಾ, ಪಾಸ್‌ಪೋರ್ಟ್ ನನ್ ಪೆಟ್ಟಿಗೇಲೇ ಇತ್ತು. ಬಡ್ತಿ ಕೈತಪ್ಪುತ್ತೆ ಅಂತ ಬರ್ಲಿಲ್ಲ."

ಲಾರೆನ್ಸ್ ನನ್ನತ್ತ ತಿರುಗಿದ. "ಹಾಗಾದ್ರೆ ಒಂದು ವರ್ಷ ಆ ಕಫೀಲನಿಗೆ ನಾನು ಬೈದದ್ದು ಎಂತಕ್ಕೆ ಮಾರಾಯ್ರೆ?"

ಉತ್ತರ ಹೇಳುವ ಮೊದಲೇ ಕಾಗೆ ಹಾರಿಬಂದು ಉಂಡೆ ಕುಕ್ಕಿತು. ಮುಟ್ಟದೆ ಹೋಗಿದ್ದರೆ ಅಪ್ಪನಿಗೆ ನನ್ನ ಮೇಲೆ ಕೋಪ ಎಂದುಕೊಂಡು ಹೇಗೋ ಬದುಕಿಬಿಡುತ್ತಿದ್ದೆ. ಇಷ್ಟು ಬೇಗ ಕ್ಷಮಿಸಿದ್ದನ್ನು ತಡೆದುಕೊಳ್ಳಲಾಗಲಿಲ್ಲ. ಅಲ್ಲೇ ಕುಸಿದು ಕೂತು ಅತ್ತೆ.

ಅಮ್ಮನಿಗೆ "ಕಾಗೆ ಮುಟ್ಟಿತು" ಎಂದಷ್ಟೇ ಬರೆದೆ. ಕೊನೆಯವರೆಗೂ ಅವಳು ಕಫೀಲನಿಗೆ ಶಾಪ ಹಾಕುತ್ತಲೇ ಇದ್ದಳು, ನಾನು ಕೇಳಿಸಿಕೊಂಡು ಸುಮ್ಮನಿರುತ್ತಿದ್ದೆ. ಇಂದು ಮೊದಲ ಸಲ ಇದನ್ನು ಬರೆದಿದ್ದೇನೆ. ನಾನು ಬರೆದದ್ದನ್ನೆಲ್ಲ ತಂಗಿ ಓದುತ್ತಾಳೆ. ಇದನ್ನೂ ಓದಲಿ.