ವಾಟರ್ ಪಂಪೂ ನನ್ನ ಪುಕ್ಕಲುತನವೂ

ಗ್ಯಾಸ್ ಒಲೆ ಆರಿಸಿದೆನೋ ಇಲ್ಲವೋ ಎಂದು ನೋಡಲು ಬಸ್‌ಸ್ಟ್ಯಾಂಡಿನಿಂದ ಮನೆಗೆ ಮರಳಿದವರು ನಿಮ್ಮಲ್ಲಿ ಯಾರಾದರೂ ಇದ್ದರೆ ಅವರನ್ನು ನನ್ನ ಬಂಧುಗಳೆಂದೇ ತಿಳಿಯುತ್ತೇನೆ. ನಾನಂತೂ ಬಸ್ಸು ಹತ್ತಿ, ಟಿಕೆಟ್ ತೆಗೆಸಿ, ಕಿಟಕಿ ಪಕ್ಕದ ಸೀಟು ಹಿಡಿದ ಮೇಲೆ ಇಳಿದು ಬಂದವನು. ಅವತ್ತು ಮನೆಯಲ್ಲಿ ಸಿಲಿಂಡರೇ ಖಾಲಿಯಾಗಿತ್ತು ಎಂಬ ಸಂಗತಿಯನ್ನು ನನ್ನ ಹೆಂಡತಿ ಗಿರಿಜಾ ಮನೆಗೆ ಬಂದವರಿಗೆಲ್ಲ ಕಾಫಿಯ ಜೊತೆ ಬಡಿಸುತ್ತಾಳೆ.

ತಪ್ಪು ಪೂರ್ತಿ ನನ್ನದಲ್ಲ. ವಿಮಾ ಕಚೇರಿಯ ಕ್ಲೇಮು ವಿಭಾಗದಲ್ಲಿ ಆಯುಷ್ಯ ಸವೆಸಿದವನು ನಾನು. ಉಳಿದವರು ಬೆಳಗ್ಗೆ ಎದ್ದು ದೇವರ ಪಟ ನೋಡಿದರೆ ನಾನು ಮಗುಚಿದ ಟ್ರ್ಯಾಕ್ಟರು, ಸುಟ್ಟ ಲಾರಿ, ಮರಕ್ಕೆ ತಲೆಕೊಟ್ಟು ನಿಂತ ಕಾರುಗಳ ಫೋಟೋ ನೋಡುತ್ತಿದ್ದೆ. ಹೀಗಾಗಿ ನೆಟ್ಟಗೆ ನಿಂತ ಗಾಡಿ ಕಂಡರೂ ಅದು ಹೇಗೆ ಬೀಳಬಹುದು ಎಂಬುದೇ ಮೊದಲು ಕಣ್ಣಿಗೆ ಕಟ್ಟುತ್ತದೆ. ಕಚೇರಿಯವರು ಹಾರ ಹಾಕಿ ನನ್ನನ್ನು ನಿವೃತ್ತಿ ಮಾಡಿದರು. ಭಯಕ್ಕೆ ಯಾರೂ ಹಾರ ಹಾಕಲಿಲ್ಲ, ಅದು ಇನ್ನೂ ಕೆಲಸದಲ್ಲಿದೆ.

ಇಂಥವನ ಮನೆಯ ಮುಂದೆ ಈಗ ಒಂದು ಪಿಕಪ್ ಗಾಡಿ ನಿಂತಿದೆ. ಅದು ನನ್ನ ಮಗಳು ಚೈತ್ರಳದು. ಅವಳು ಹೋದ ವರ್ಷ ಗಂಡನ ಮನೆ ಬಿಟ್ಟು ದಾವಣಗೆರೆಗೆ ವಾಪಸ್ ಬಂದಳು. ಯಾಕೆ ಬಂದಳೆಂದು ನಮಗೆ ಹೇಳಿದ್ದಾಳೆ, ಅದನ್ನು ನಾನು ನಿಮಗೆ ಹೇಳುವುದಿಲ್ಲ. ಬಂದದ್ದು ಒಳ್ಳೆಯದಾಯಿತು ಎಂದಷ್ಟು ನಂಬಿದರೆ ಸಾಕು. ಅವಳನ್ನು ಧಾರೆಯೆರೆದ ದಿನ, ಇನ್ನು ನನ್ನ ಚಿಂತೆ ಮುಗಿಯಿತು ಎಂದು ಹೊಟ್ಟೆ ತುಂಬ ಉಂಡಿದ್ದೆ. ಅವಳ ಸೂಟ್‌ಕೇಸಿನ ಜೊತೆ ಆ ಚಿಂತೆಯೂ ವಾಪಸ್ ಬಂತು. ಕೆಲವು ತಿಂಗಳು ಸುಮ್ಮನೆ ಕೂತಿದ್ದ ಹುಡುಗಿ, ಒಂದು ದಿನ ಆನಗೋಡಿನ ಯಾರದೋ ಹಳೆಯ ಪಿಕಪ್ ಕೊಂಡು ತಾನೇ ಓಡಿಸಿಕೊಂಡು ಬಂದಳು. ನಮ್ಮೂರಿನ ಮಂಡಕ್ಕಿ ಹುರಿಯುವ ಭಟ್ಟಿಗಳಿಂದ ಮೂಟೆ ಎತ್ತಿ ಸುತ್ತಲಿನ ಹಳ್ಳಿಗಳ ಅಂಗಡಿಗಳಿಗೆ ಹಾಕುವ ವ್ಯಾಪಾರ. ಮಂಡಕ್ಕಿಗಿಂತ ಹಗುರವಾದ ಸರಕು ಲೋಕದಲ್ಲಿಲ್ಲ. ಆದರೂ ಅವಳು ಗಾಡಿ ತೆಗೆದುಕೊಂಡು ಹೋದಾಗಲೆಲ್ಲ ಆ ಮೂಟೆಗಳು ನನ್ನ ಎದೆಯ ಮೇಲೇ ಇರುತ್ತವೆ.

ಹೀಗೆ ನಡೆದಿರುವಾಗ ಹರಿಹರದ ದೊಡ್ಡ ಅಂಗಡಿಯವರೊಬ್ಬರು ಮಾಲು ತರಿಸಲು ಒಪ್ಪಿದರು. ಒಪ್ಪಿಗೆ ಎಂದರೆ ಪರೀಕ್ಷೆಯೇ. ಸೋಮವಾರ ಅವರು ಅಂಗಡಿ ತೆಗೆಯುವ ಹೊತ್ತಿಗೆ ಮೂಟೆಗಳು ಮುಂದೆ ಇರಬೇಕು, ತಪ್ಪಿದರೆ ಇಷ್ಟು ದಿನ ಮಾಲು ಹಾಕುತ್ತಿದ್ದ ಹಳಬನೇ ಗತಿ. ಹೆಣ್ಣುಮಗಳು ಎಷ್ಟು ದಿನ ಗಾಡಿ ಓಡಿಸುತ್ತಾಳೋ ನೋಡೋಣ ಎಂದು ಬೇರೆ ಹೇಳಿದ್ದರಂತೆ. ಅವಳು ಅದನ್ನು ನಗುತ್ತಲೇ ಹೇಳಿದಳು, ಆದರೆ ಮರುದಿನ ಬೆಳಗ್ಗೆ ಗಾಡಿಯನ್ನು ಎರಡು ಸಲ ತೊಳೆದಳು. ಇದು ಸಿಕ್ಕಿದರೆ ತನ್ನ ಕಾಲ ಮೇಲೆ ತಾನು ನಿಂತಂತೆ ಎಂದು ಅವಳು ನಂಬಿದ್ದಳು. ಶನಿವಾರವೇ ಮೂಟೆಗಳು ಬಂದು ನಮ್ಮ ನಡುಮನೆಯಲ್ಲಿ ಬೀಗರ ಹಾಗೆ ಕೂತವು. ನಾವು ಅವುಗಳ ಸಂದಿಯಲ್ಲಿ ಅಡ್ಡಡ್ಡ ನಡೆದಾಡಬೇಕಾಯಿತು.

ಅದೇ ಶನಿವಾರ ಮಧ್ಯಾಹ್ನ ಲೋಕಿಕೆರೆಯಿಂದ ಬರುವಾಗ ಗಾಡಿ ಬಿಸಿಯಾಗಿ ಹೊಗೆಯಾಡಿತು. ಮನೆ ಮುಂದೆ ನಿಂತದ್ದೇ ತಡ, ಕೆಳಗೆ ತೊಟತೊಟ ನೀರು. ವಾಟರ್ ಪಂಪು ಹೋಗಿದೆ ಎಂದಳು ಚೈತ್ರ. ರೇಡಿಯೇಟರಿನ ನೀರನ್ನು ಎಂಜಿನ್ನಿನ ಸುತ್ತ ಓಡಾಡಿಸಿ ಅದರ ತಲೆಬಿಸಿ ಇಳಿಸುವುದು ಈ ಪಂಪಿನ ಕೆಲಸವಂತೆ. ನಮ್ಮ ಮನೆಯಲ್ಲಿ ಆ ಕೆಲಸ ಗಿರಿಜಾಳದು. ಅವಳು ತವರಿಗೆ ಹೋದರೆ ಏನಾಗುತ್ತದೆಂದು ಬಲ್ಲವನಾದ್ದರಿಂದ ಗಾಡಿಯ ಸ್ಥಿತಿ ನನಗೆ ತಕ್ಷಣ ಅರ್ಥವಾಯಿತು.

ಮೆಕ್ಯಾನಿಕ್ಕು ಯಾರದೋ ನಾಮಕರಣಕ್ಕೆ ಊರು ಬಿಟ್ಟಿದ್ದ. ಬಾಡಿಗೆ ಗಾಡಿ ಮಾಡೋಣ ಎಂದು ನಾನು ಸಲಹೆ ಕೊಟ್ಟೆ. "ಮೊದ್ಲನೇ ಲೋಡಿಗೇ ಬಾಡಿಗಿ ಗಾಡಿ ತಗಂಡ್ ಹೋದ್ರೆ ನಮ್ನ ಯಾರು ನಂಬ್ತಾರೆ ಅಪ್ಪಾಜಿ? ನಾನೇ ಹಾಕ್ತೀನಿ" ಎಂದವಳೇ, ಅಂಗಡಿ ಮುಚ್ಚುವ ಮುಂಚೆ ಹೋಗಿ ಹೊಸ ಪಂಪು ತಂದಳು. ಹಿಂದೊಮ್ಮೆ ಮೆಕ್ಯಾನಿಕ್ಕನ ಪಕ್ಕ ನಿಂತು ಕೆಲಸ ನೋಡಿದ್ದಳು, ಮೊಬೈಲಿನಲ್ಲಿ ವಿಡಿಯೋ ಇತ್ತು. ನನಗೆ ಮಾತ್ರ ಆ ವಿಡಿಯೋದಲ್ಲಿ ಎಂಜಿನ್ನಿಗಿಂತ ಅದರ ಫ್ಯಾನಿಗೆ ಸಿಕ್ಕಬಹುದಾದ ಬೆರಳುಗಳೇ ಕಾಣುತ್ತಿದ್ದವು.

ಭಾನುವಾರ ಬೆಳಗ್ಗೆ ಬಾನೆಟ್ಟು ತೆರೆಯಿತು. ದಾವಣಗೆರೆಯಲ್ಲಿ ಬಾಗಿಲು ತೆರೆದ ಮನೆಗೆ ಕರೆಯದೆ ಯಾರೂ ಬರುವುದಿಲ್ಲ, ಬಾನೆಟ್ಟು ತೆರೆದ ಗಾಡಿಗೆ ಎಲ್ಲರೂ ಬರುತ್ತಾರೆ. ಪಕ್ಕದ ಮನೆಯ ಬಸಣ್ಣ ಸ್ಟೂಲು ಹಾಕಿಕೊಂಡು ಚಹಾ ಲೋಟದ ಸಮೇತ ಕೂತ. ಅವನಿಗೆ ಗಾಡಿ ಇಲ್ಲ, ಅಭಿಪ್ರಾಯಗಳಿವೆ. ಚೈತ್ರ ಯಾರ ಮಾತಿಗೂ ತಲೆಯೆತ್ತಲಿಲ್ಲ. ನೀರು ಬಸಿದು, ಬೆಲ್ಟು ಸಡಿಲಿಸಿ, ಫ್ಯಾನು ಕಳಚಿ, ಬಿಚ್ಚಿದ ಬೋಲ್ಟುಗಳನ್ನು ಇದ್ದ ಕ್ರಮದಲ್ಲೇ ಚಪ್ಪಲಿ ಡಬ್ಬಿಯ ಮುಚ್ಚಳಕ್ಕೆ ಚುಚ್ಚಿಟ್ಟಳು. ಸಣ್ಣಪುಟ್ಟ ಸಾಮಾನು ಕಾಯುವ ಜವಾಬ್ದಾರಿ ನನಗೆ ಬಂತು.

ಪುಕ್ಕಲರಿಗೆ ಒಂದು ರೋಗವಿದೆ, ಕೈ ಸುಮ್ಮನಿರುವುದಿಲ್ಲ. ಹೆದರಿಕೆಯಾದಾಗ ನಾನು ಮನೆ ಚೊಕ್ಕಟ ಮಾಡುತ್ತೇನೆ. ಅಷ್ಟರಲ್ಲಿ ಕಸದ ಗಾಡಿ ಹಾಡು ಹಾಕಿಕೊಂಡು ಬಂತು. ಪಂಪಿನ ಖಾಲಿ ಡಬ್ಬಿ, ಅದರ ತಳದಲ್ಲಿದ್ದ ಕಾಗದ, ಪ್ಲಾಸ್ಟಿಕ್ಕು ಎಲ್ಲವನ್ನೂ ಒಪ್ಪವಾಗಿ ಮಡಚಿ ಕೊಟ್ಟು ಬಂದೆ. ಒಳ್ಳೆಯ ನಾಗರಿಕನೆಂಬ ಹೆಮ್ಮೆಯೂ ಆಯಿತು. ಸ್ವಲ್ಪ ಹೊತ್ತಿಗೆ ಚೈತ್ರ ಹಿಂತಿರುಗಿ ನೋಡದೆ ಕೈ ಚಾಚಿ, "ಅಪ್ಪಾಜಿ, ಗ್ಯಾಸ್ಕೆಟ್ ಕೊಡ್ರಿ" ಎಂದಳು.

ಗ್ಯಾಸ್ಕೆಟ್ ಎಂದರೆ ಏನೆಂದು ನನಗೆ ಆಗ ತಿಳಿಯಿತು. ಪಂಪೂ ಎಂಜಿನ್ನೂ ಕೂಡುವ ಜಾಗದಲ್ಲಿ ಎರಡು ಕಬ್ಬಿಣಗಳ ನಡುವೆ ಇಡುವ, ಅದೇ ಆಕಾರಕ್ಕೆ ಕತ್ತರಿಸಿದ ದಪ್ಪ ಕಾಗದ. ಎಷ್ಟೇ ನುಣುಪಾದ ಲೋಹವಾದರೂ ಎರಡು ಸೇರುವಲ್ಲಿ ಸಂದು ಇದ್ದೇ ಇರುತ್ತದೆ, ಆ ಕಾಗದವಿಲ್ಲದಿದ್ದರೆ ನೀರು ಸೋರುತ್ತದೆ. ಹರಿಹರದ ಗುಡಿಯಲ್ಲಿ ಅರ್ಧ ಹರಿ, ಅರ್ಧ ಹರ ಸೇರಿ ನಿಂತಿದ್ದಾರಲ್ಲ, ಅಲ್ಲಿ ಈ ಗೊಡವೆಯೇ ಇಲ್ಲ, ಒಂದೇ ಕಲ್ಲಿನಲ್ಲಿ ಕಡೆದುಬಿಟ್ಟಿದ್ದಾರೆ. ಎಂಜಿನ್ನುಗಳನ್ನೂ ಮನುಷ್ಯರನ್ನೂ ಬೇರೆ ಬೇರೆ ಕಡೆ ತಯಾರಿಸಿ ಆಮೇಲೆ ಜೋಡಿಸಬೇಕಾದ್ದರಿಂದಲೇ ಇಷ್ಟೆಲ್ಲ ಪಾಡು. ಈ ತತ್ತ್ವವೆಲ್ಲ ಹೊಳೆದದ್ದು ನಂತರ. ಆ ಗಳಿಗೆಯಲ್ಲಿ ನಾನು ಪಂಚೆ ಎತ್ತಿ ಕಟ್ಟಿ ಕಸದ ಗಾಡಿಯ ಹಿಂದೆ ಓಡಿದೆ. ಹಾಡು ಕೇಳುತ್ತಿತ್ತು, ಗಾಡಿ ಕಾಣಲಿಲ್ಲ.

ಬಿಡಿಭಾಗದ ಅಂಗಡಿಗಳೆಲ್ಲ ಭಾನುವಾರದ ಬೀಗ ಹಾಕಿಕೊಂಡಿದ್ದವು. ಏದುಸಿರು ಬಿಡುತ್ತ ಬಂದ ನನ್ನನ್ನು ಚೈತ್ರ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮುಖದ ಮೇಲಿನ ಬೆವರನ್ನು ಮೊಣಕೈಯಲ್ಲಿ ಒರೆಸಿಕೊಂಡು ನಡುಮನೆಯಲ್ಲಿದ್ದ ಮೂಟೆಗಳ ಕಡೆ ಒಮ್ಮೆ ನೋಡಿದಳು. ಆ ನೋಟವನ್ನು ನನಗೆ ತಡೆದುಕೊಳ್ಳಲಾಗಲಿಲ್ಲ. ಆಗ ಬಸಣ್ಣನ ಅಭಿಪ್ರಾಯಗಳಲ್ಲಿ ಮೊದಲ ಬಾರಿಗೆ ಒಂದು ಉಪಯೋಗಕ್ಕೆ ಬಂತು. ಗಟ್ಟಿ ಕಾಗದವಿದ್ದರೆ ನಾವೇ ಕತ್ತರಿಸಿಕೊಳ್ಳಬಹುದು, ಹಳೇ ಕಾಲದವರು ಹಾಗೇ ಮಾಡುತ್ತಿದ್ದರು ಎಂದ. ಚೈತ್ರಳೂ ತಲೆಯಾಡಿಸಿದಳು. ಕ್ಯಾಲೆಂಡರು ತೆಳುವಾಯಿತು, ಚಪ್ಪಲಿ ಡಬ್ಬಿ ಪೊಳ್ಳು. ಗಿರಿಜಾ ದೇವರ ಗೂಡಿನ ಕೆಳಗಿನಿಂದ ಮದುವೆ ಕಾರ್ಡುಗಳ ಕಂತೆ ಹೊತ್ತು ತಂದಳು. ಕಾರ್ಡುಗಳ ಮೇಲೆ ಗಣಪತಿ ಇರುವುದರಿಂದ ಅವನ್ನು ಎಸೆಯುವಂತಿಲ್ಲ, ಹಾಗಾಗಿ ಊರಿನ ಮದುವೆಗಳೆಲ್ಲ ನಮ್ಮ ಮನೆಯಲ್ಲಿ ಧೂಳು ತಿನ್ನುತ್ತಿವೆ.

ಹಿಂದೆ ಮನೆಮನೆಗೆ ಹೋಗಿ ಕುಂಕುಮ ಕೊಟ್ಟು ಬಾಯಲ್ಲಿ ಕರೆಯುತ್ತಿದ್ದರು, ಬಾಯಿಮಾತಿಗೆ ದಪ್ಪ ತೆಳು ಎಂಬುದಿಲ್ಲ. ಆಮೇಲೆ ಮೂಲೆಗೆ ಅರಿಶಿನ ಸವರಿದ ಅಂಚೆ ಕಾರ್ಡು ಬಂತು. ಈಗಿನ ಲಗ್ನಪತ್ರಿಕೆಗಳನ್ನು ತೆರೆಯಲು ಎರಡು ಕೈ ಬೇಕು. ನಮ್ಮಿಬ್ಬರ ಮದುವೆಯ ಕಾರ್ಡು ಸಿಕ್ಕಿತು, ಹಪ್ಪಳದಷ್ಟು ತೆಳು, ಮುಟ್ಟಿದರೆ ಮುರಿಯುತ್ತಿತ್ತು. ಮಂಡಿಪೇಟೆಯ ವರ್ತಕರ ಮಗನದು ಹಲಗೆಯ ಹಾಗಿತ್ತು. ಗಿರಿಜಾ ಅದನ್ನು ಕಿತ್ತುಕೊಂಡಳು. ಅವನ ಹೆಂಡತಿ ಈಗ ಬಸುರಿ, ಚೆನ್ನಾಗಿರುವವರ ಸಂಸಾರಕ್ಕೆ ಕತ್ತರಿ ಹಾಕುವುದೇ ಎಂದಳು. ಇನ್ನೊಂದು ಕಾರ್ಡಿನ ಗಂಡಹೆಂಡತಿ ಕೋರ್ಟಿನಲ್ಲಿದ್ದಾರೆ. ಅವರನ್ನೇ ಹಿಡಿದಿಡದ ಕಾಗದ ನೀರು ಹಿಡಿದೀತೇ ಎಂದು ನನಗೆ ಅನುಮಾನ. ಗೃಹಪ್ರವೇಶದ್ದಾದರೆ ಯಾರಿಗೂ ತೊಂದರೆಯಿಲ್ಲ ಎಂದುಕೊಂಡರೆ, ಮನೆ ಕಟ್ಟಿ ಸುಸ್ತಾದವರು ಕಾರ್ಡಿಗೆ ತೆಳು ಕಾಗದವನ್ನೇ ಹಾಕಿಸಿರುತ್ತಾರೆ. ನಾವಿಬ್ಬರೂ ಹೀಗೆ ಜಗಳವಾಡುತ್ತ ಕೂತಿದ್ದಾಗ ಚೈತ್ರ ಒಳಗೆ ಹೋದದ್ದು ಗಮನಕ್ಕೆ ಬರಲಿಲ್ಲ.

ಅವಳು ತಂದದ್ದು ತನ್ನ ಮದುವೆಯ ಕಾರ್ಡು. ಯಾರಿಗಾದರೂ ಕೊಡುವುದು ಬಿಟ್ಟುಹೋದೀತೆಂಬ ಹೆದರಿಕೆಗೆ ನಾನು ಬೇಕಾದ್ದಕ್ಕಿಂತ ಹೆಚ್ಚೇ ಮಾಡಿಸಿದ್ದೆ. ಉಳಿದ ಕಟ್ಟನ್ನು ಅವಳ ಕಣ್ಣಿಗೆ ಬೀಳಬಾರದೆಂದು ಅಟ್ಟದ ಮೂಲೆಗೆ ಸೇರಿಸಿದ್ದೆವು. ಎಲ್ಲಿದೆಯೆಂದು ಅವಳಿಗೆ ಗೊತ್ತಿತ್ತು. ಬಸಣ್ಣ ಲೋಟ ಕೆಳಗಿಟ್ಟ. ಗಿರಿಜಾ ಕೈ ಅಡ್ಡ ಹಿಡಿದಳು.

"ಬ್ಯಾಡವ್ವ" ಎಂದಳು.

"ಯಾಕ ಬ್ಯಾಡ? ದಪ್ಪ ಐತೆ, ಗಟ್ಟಿ ಐತೆ. ಇದ್ಕಿಂತ ಚಲೋದು ಎಲ್ಲಿ ಸಿಗುತ್ತಮ್ಮ?"

ಗಣಪತಿಯಿದ್ದ ತುಂಡನ್ನು ಮೊದಲು ಬೇರೆ ಮಾಡಿ ತಾಯಿಯ ಕೈಗೆ ಕೊಟ್ಟಳು. ಮೇಲಿನ ಮಿರುಗುವ ಪದರ ಸುಲಿದಳು. ಉಳಿದದ್ದನ್ನು ಪಂಪಿನ ಬಾಯಿಯ ಮೇಲಿಟ್ಟು ಅಂಚಿನ ಉದ್ದಕ್ಕೂ ಸುತ್ತಿಗೆಯಿಂದ ಮೆಲ್ಲಗೆ ಬಡಿಯುತ್ತ ಹೋದಳು. ಬಡಿದಲ್ಲೆಲ್ಲ ಕಾಗದ ತಾನಾಗಿ ಕತ್ತರಿಸಿಕೊಂಡು ಬಂತು. ವರನ ಹೆಸರು ಎತ್ತ ಹೋಯಿತು, ಮುಹೂರ್ತ ಎತ್ತ ಬಿತ್ತು ಎಂದು ಅವಳು ನೋಡಲಿಲ್ಲ, ನಾನು ನೋಡಿದೆ. ನನ್ನ ಕಣ್ಣು ತುಂಬಿತು, ಗ್ಯಾಸ್ಕೆಟ್ಟಿಗೆ ಸವರುವ ಪೇಸ್ಟಿನ ಘಾಟು ಎಂದು ಹೇಳಿ ಒರೆಸಿಕೊಂಡೆ. ಪೇಸ್ಟಿನ ಮುಚ್ಚಳ ಇನ್ನೂ ತೆಗೆದಿರಲಿಲ್ಲ.

ಎರಡೂ ಕಡೆ ಪೇಸ್ಟು ಸವರಿ, ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಬಿಗಿದಳು. ಒಣಗಲು ಬಿಟ್ಟು ಊಟ ಮಾಡಿದೆವು. ಮಧ್ಯಾಹ್ನ ನೀರು ತುಂಬಿ ಗಾಡಿ ಚಾಲೂ ಮಾಡಿದಾಗ ನಾನು ಕಣ್ಣು ಮುಚ್ಚಿಕೊಂಡಿದ್ದೆ. ಸೋರಲಿಲ್ಲ. ಬಸಣ್ಣ ತಾನೇ ಹಾಕಿದವನಂತೆ ಎದ್ದು ಮನೆಗೆ ಹೋದ.

ಸೋಮವಾರ ಬೆಳಗ್ಗೆ ನಾನೂ ಹೊರಟೆ. ಬ್ಯಾಡ ಅಪ್ಪಾಜಿ ಎಂದಳು, ಕೇಳಲಿಲ್ಲ. ಹರಿಹರದ ದಾರಿಯುದ್ದಕ್ಕೂ ಅವಳು ರಸ್ತೆ ನೋಡಿದಳು, ನಾನು ಬಿಸಿ ತೋರಿಸುವ ಮುಳ್ಳನ್ನು ನೋಡಿದೆ. ಮುಳ್ಳು ನಡುವಿನಲ್ಲೇ ಅಲ್ಲಾಡದೆ ನಿಂತಿತ್ತು. ಅಲ್ಲಾಡದ್ದು ಕಂಡು, ಮುಳ್ಳೇ ಕೆಟ್ಟಿರಬಹುದೇ ಎಂದು ಹೊಸ ಭಯ ಹುಟ್ಟಿತು.

ಅಂಗಡಿಯ ಷಟರು ಏಳುವ ಹೊತ್ತಿಗೆ ನಾವು ಅಲ್ಲಿದ್ದೆವು. ಅಂಗಡಿಯವರು ಒಂದು ಮೂಟೆ ಬಿಚ್ಚಿಸಿ, ಹಿಡಿ ಮಂಡಕ್ಕಿ ಬಾಯಿಗೆ ಹಾಕಿಕೊಂಡು ಅಗಿದರು. ಗರಿಗರಿ ಐತೆ, ಗುರುವಾರ ಮತ್ತೆ ತಗಂಬರ್ರಿ ಎಂದರು. ಅಷ್ಟೇ. ಚೈತ್ರ ಸರಿ ಎಂದು ಮೂಟೆ ಇಳಿಸತೊಡಗಿದಳು. ನಾನು ಮಾತ್ರ ಸಂತೋಷಪಡುವ ಮೊದಲು ಒಂದು ಸಲ ನೋಡಿಬಿಡೋಣ ಎಂದು, ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲೇ ಮಂಡಿಯೂರಿ ಗಾಡಿಯ ಕೆಳಗೆ ಇಣುಕಿದೆ. ಕೈಯಿಟ್ಟು ನೆಲ ಸವರಿದೆ. ಒಣಗಿತ್ತು. ನಂಬಿಕೆ ಬರದೆ ಇನ್ನೂ ಒಳಗೆ ಕೈ ಚಾಚಿ ಸವರಿದೆ.

ಅಂಗಡಿಯವರು ಬಗ್ಗಿ ನೋಡಿ ಕೇಳಿದರು, "ಏನ್ ಕಳಕಂಡ್ರಿ ಯಜಮಾನ್ರೇ?"

ನಾನು ಗಾಡಿಯ ಕೆಳಗಿನಿಂದ ತಲೆ ಎಳೆದುಕೊಳ್ಳುವಷ್ಟರಲ್ಲೇ, ಮೂಟೆ ಹೆಗಲಿಗೇರಿಸುತ್ತಿದ್ದ ಚೈತ್ರ ಅಂದಳು: "ಏನೂ ಕಳಕಂಡಿಲ್ರಿ. ನಮ್ಮ ಅಪ್ಪಾಜಿ ಸುಮ್ನೆ ಹುಡುಕ್ತಿರ್ತಾರೆ."

ನಾನು ಮಂಡಿ ಕೊಡವಿಕೊಂಡು ಎದ್ದು, ಒಂದು ಮೂಟೆಗೆ ಕೈಕೊಟ್ಟೆ. ನಿಜಕ್ಕೂ ಹಗುರವಾಗಿತ್ತು.